ಕಡಲ ನೀರು ಎಲ್ಲಿಯ ತನಕ ಬಂದೀತು?



ನಾವು ಕರಾವಳಿಯವರು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚು ಏರುತ್ತದೆ. ಇದು ನಮಗೆಲ್ಲ ಗೊತ್ತುಂಟು.

ಆದರೆ ಚಂಡಮಾರುತ ಬಂದರೆ? ಗಾಳಿ ನೀರನ್ನು ದಡಕ್ಕೆ ದೂಡುತ್ತದೆ. ಅದೇ ಹೊತ್ತಿಗೆ ಹುಣ್ಣಿಮೆಯ ಭರತ ಇದ್ದರೆ ನೀರು ಇನ್ನೂ ಏರುತ್ತದೆ. ಅದರ ಮೇಲೆ ದೊಡ್ಡ ತೆರೆ. ಮೂರೂ ಕೂಡಿದರೆ ಮನೆಯೊಳಗೆ ನೀರು.

1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಕಡಲು ಊರಿಗೆ ನುಗ್ಗಿತು. ಆ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಅಲ್ಲಿಗೇ ಫೈಲಿನ್ ಚಂಡಮಾರುತ ಬಂತು. ಸುಮಾರು 10 ಲಕ್ಷ ಜನರನ್ನು ಮೊದಲೇ ಬೇರೆ ಕಡೆಗೆ ಸಾಗಿಸಿದರು. ಸಾವು ಬಹಳ ಕಡಿಮೆಯಾಯಿತು. ನೀರು ಎಲ್ಲಿಯ ತನಕ ಬಂದೀತು ಎಂದು ಮೊದಲೇ ತಿಳಿದರೆ ಜೀವ ಉಳಿಯುತ್ತದೆ.

ಅದನ್ನು ತಿಳಿಯುವುದು ಹೇಗೆ? ಅಳತೆಯಿಂದ. ಬಂದರಿನಲ್ಲಿ ಒಂದು ದೊಡ್ಡ ಕೊಳವೆ ನಿಲ್ಲಿಸುತ್ತಾರೆ. ಅದರ ಕೆಳಗೆ ಸಣ್ಣ ತೂತು. ಹೊರಗೆ ತೆರೆ ಎದ್ದರೂ ಒಳಗಿನ ನೀರು ಕುಣಿಯುವುದಿಲ್ಲ. ನೀರಿನ ಮೇಲೆ ಒಂದು ಬುರುಡೆ ತೇಲುತ್ತದೆ. ಬುರುಡೆ ಏರಿದರೆ, ಇಳಿದರೆ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಮುಂಬೈಯಲ್ಲಿ 1878ರಿಂದ ಇಂಥ ಲೆಕ್ಕ ಉಂಟು. ಈಗ ರಾಡಾರ್ ಯಂತ್ರದಿಂದಲೂ ಅಳೆಯುತ್ತಾರೆ. ತೆರೆಯ ಎತ್ತರವನ್ನು ಬೇರೆಯಾಗಿ ಅಳೆಯುತ್ತಾರೆ.

ವರ್ಷ ವರ್ಷದ ಅತಿ ಎತ್ತರದ ನೀರನ್ನು ಆರಿಸಿ ಲೆಕ್ಕ ಹಾಕುತ್ತಾರೆ. "ಇಷ್ಟು ನೀರು ನೂರು ವರ್ಷಕ್ಕೊಮ್ಮೆ" ಅನ್ನುತ್ತಾರೆ. ಹಾಗಾದರೆ ಒಮ್ಮೆ ಬಂದ ಮೇಲೆ ನೂರು ವರ್ಷ ಚಿಂತೆ ಇಲ್ಲವಾ? ಹಾಗಲ್ಲ. ಮಡಕೆಯಲ್ಲಿ 100 ಚೀಟಿ ಹಾಕಿ. ಒಂದರಲ್ಲಿ ಮಾತ್ರ "ನೆರೆ" ಎಂದು ಬರೆಯಿರಿ. ವರ್ಷಕ್ಕೊಂದು ಚೀಟಿ ಎತ್ತಿ, ನೋಡಿ, ಮತ್ತೆ ಒಳಗೆ ಹಾಕಿ. ಅದೇ ಚೀಟಿ ಮರು ವರ್ಷವೂ ಬರಬಹುದು!

1901ರಿಂದ 2018ರೊಳಗೆ ಲೋಕದ ಕಡಲು ಸರಾಸರಿ 20 ಸೆಂಟಿಮೀಟರ್ ಏರಿದೆ. ಹತ್ತಿರ ಹತ್ತಿರ ಒಂದು ಗೇಣು. ಕಡಲು ಏರಿದ ಹಾಗೆ ಮಡಕೆಯಲ್ಲಿ "ನೆರೆ" ಚೀಟಿಗಳು ಹೆಚ್ಚುತ್ತವೆ.

ಆದ್ದರಿಂದ ಮನೆ ಕಟ್ಟುವ ಮೊದಲು ಹಿರಿಯರನ್ನು ಕೇಳೋಣ: "ಅತಿ ಹೆಚ್ಚು ನೀರು ಬಂದದ್ದು ಎಲ್ಲಿಯ ತನಕ?" ನೆಲಗಟ್ಟನ್ನು ಅದಕ್ಕಿಂತ ಎತ್ತರ ಮಾಡೋಣ. ನೀರು ಬಂದರೆ ಗೋಡೆಯಲ್ಲಿ ಗೆರೆ ಎಳೆದು ತಾರೀಕು ಬರೆಯೋಣ. ಎಚ್ಚರಿಕೆ ಕೊಟ್ಟರೆ ತಡ ಮಾಡದೆ ಮಕ್ಕಳು, ಮುದುಕರೊಂದಿಗೆ ಹೊರಡೋಣ.

ನಾವು ಅಕ್ಷರ ಕಲಿತೆವು, ಅಂಕಿ ಕಲಿತೆವು. ನಮ್ಮ ಊರಿನ ನೀರಿನ ಲೆಕ್ಕ ನಾವೇ ಬರೆದಿಡೋಣ.