ಮಾಜಿ ಸೈನಿಕರ ಮನೆಯಲ್ಲಿ ಕಣ್ಣಿಗೆ ಬೀಳದ ಕಾಯಿಲೆ

(ಮಾಜಿ ಸೈನಿಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಹುಡುಗರಿಗೆ ಲೆಕ್ಕ ಹೇಳಿಕೊಟ್ಟವನು. ಪಿಂಚಣಿಯ ಅರ್ಜಿ ಬರೆದುಕೊಡಲು ನಿಮ್ಮ ಮನೆಗಳಿಗೆ ಬಂದು ಕುಳಿತಾಗ ಕಂಡದ್ದನ್ನೂ, ಆಮೇಲೆ ತಿಳಿದವರಿಂದ ಕೇಳಿ, ಓದಿ ಅರಿತದ್ದನ್ನೂ ಇಲ್ಲಿ ಹೇಳುತ್ತೇನೆ.

ಸೈನಿಕನ ಮನಸ್ಸಿಗೆ ಪೆಟ್ಟಾಯಿತೆಂದರೆ ಜನರ ಕಣ್ಣಮುಂದೆ ಬರುವುದು ಒಂದೇ ಚಿತ್ರ: ನಡುರಾತ್ರಿ ಯುದ್ಧದ ಕನಸು ಕಂಡು ಚೀರಿ ಏಳುವುದು. ಅಂಥ ಕಾಯಿಲೆಯೂ ಉಂಟು. ಅದಕ್ಕೆ ಅಮೆರಿಕದ ಮನೋವೈದ್ಯರ ಸಂಘವು 1980ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಹೆಸರು ಕೊಟ್ಟಿತು. ಅದೇ ಕೈಪಿಡಿ ಇನ್ನೊಂದು ಕಾಯಿಲೆಯನ್ನೂ ಬೇರ್ಪಡಿಸಿ ಹೇಳಿತು. ವೈದ್ಯರು ಅದನ್ನು ಜನರಲೈಸ್ಡ್ ಆಂಗ್ಸೈಟಿ ಎನ್ನುತ್ತಾರೆ. ಎಲ್ಲದರ ಮೇಲೂ ಹರಡಿಕೊಂಡ ಆತಂಕ ಎನ್ನಬಹುದು. ಇದರಲ್ಲಿ ಚೀರಾಟವಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ಗುಂಡಿನ ಸದ್ದನ್ನೇ ಹತ್ತಿರದಿಂದ ಕೇಳದ ಗುಮಾಸ್ತನಿಗೂ, ಚಾಲಕನಿಗೂ ಇದು ಬರಬಹುದು.

ಚಿಂತೆ ಯಾರಿಗಿಲ್ಲ? ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಅದು ತಲುಪುವವರೆಗೆ ಕಳವಳ ಸಹಜ. ತಲುಪಿದ ಮೇಲೆ ಒಬ್ಬ ನಿದ್ದೆ ಮಾಡುತ್ತಾನೆ. ಇನ್ನೊಬ್ಬನಿಗೆ ಆ ರಾತ್ರಿಯೇ ಮಗಳ ಬಸ್ಸಿನ ಚಿಂತೆ, ಬೆಳಗ್ಗೆ ಬಾವಿಯ ನೀರಿನ ಚಿಂತೆ, ಸಂಜೆ ತನ್ನ ಎದೆಬಡಿತದ ಚಿಂತೆ. ಹಿಡಿದು ನಿಲ್ಲಿಸೋಣವೆಂದರೂ ನಿಲ್ಲದು. ಹೀಗೆ ಆರು ತಿಂಗಳು ಬಹುತೇಕ ದಿನಗಳಲ್ಲಿ ನಡೆದು, ಜೊತೆಗೆ ಚಡಪಡಿಕೆ, ಬೇಗ ದಣಿವು, ಮನಸ್ಸು ಒಂದೆಡೆ ನಿಲ್ಲದಿರುವುದು, ಸಿಡುಕು, ಮೈಕೈ ಬಿಗಿತ, ನಿದ್ದೆಗೇಡು ಈ ಆರರಲ್ಲಿ ಮೂರಾದರೂ ಇದ್ದು, ಮನೆಯ ಬದುಕೋ ದುಡಿಮೆಯೋ ಕೆಟ್ಟರೆ, ವೈದ್ಯರು ಈ ಕಾಯಿಲೆಯನ್ನು ಶಂಕಿಸುತ್ತಾರೆ. ಆರು ತಿಂಗಳು ತುಂಬಲೆಂದು ನೀವು ಕಾಯಬೇಕಿಲ್ಲ.

ಆದರೆ ಸೈನಿಕನಲ್ಲಿ ಇದು ವೇಷ ಹಾಕಿಕೊಂಡು ಬರುತ್ತದೆ. ಹೆಚ್ಚಾಗಿ ಶಿಸ್ತಿನ ವೇಷ. ರಾತ್ರಿ ಮೂರು ಸಲ ಎದ್ದು ಬಾಗಿಲ ಚಿಲಕ ನೋಡುತ್ತಾರೆ. ಎಂಟು ಗಂಟೆಯ ಬಸ್ಸಿಗೆ ಆರಕ್ಕೇ ಹೋಗಿ ನಿಲ್ಲುತ್ತಾರೆ. ಮಗ ಹತ್ತು ನಿಮಿಷ ತಡವಾದರೆ ಮನೆಯನ್ನೇ ತಲೆಕೆಳಗು ಮಾಡುತ್ತಾರೆ. ಊರವರು "ಮಿಲಿಟರಿಯವರಲ್ಲವೇ, ಕಟ್ಟುನಿಟ್ಟು" ಎಂದು ಮೆಚ್ಚುತ್ತಾರೆ. ಒಳಗಿನ ಸಂಕಟ ಹೆಂಡತಿಗೆ ಗೊತ್ತು. ಅವಳು ಹೇಳಿದರೆ ಕೇಳುವವರಿಲ್ಲ.

ಇನ್ನೊಂದು ವೇಷ ದೇಹದ್ದು. ಎದೆ ಬಡಿತ, ಹೊಟ್ಟೆಯ ತಳಮಳ, ಕತ್ತು ನೋವು. ಇದು ಇಂದು ನಿನ್ನೆಯದಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತದ ದೂರು ಬಹಳವಾಗಿತ್ತು. ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ಅದನ್ನು ಕುರಿತು ಬರೆದರು. 'ಸೈನಿಕನ ಹೃದಯ' ಎಂಬ ಹೆಸರೇ ಬಂತು. ಹಾಗೆಂದು ಎದೆನೋವೆಲ್ಲ ಮನಸ್ಸಿನದೆಂದು ಕೈಬಿಡಬೇಡಿ. ಹೃದಯವನ್ನೂ ಥೈರಾಯ್ಡನ್ನೂ ಮೊದಲು ಪರೀಕ್ಷಿಸಬೇಕು. ಥೈರಾಯ್ಡ್ ಏರಿದರೂ ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ.

ಮೂರನೆಯದು ಕ್ಯಾಂಟೀನಿನ ರಮ್ಮು. ಕುಡಿದರೆ ಆ ರಾತ್ರಿ ಚಿಂತೆ ಮಲಗುತ್ತದೆ, ಮರುದಿನ ಎರಡು ಪಟ್ಟಾಗಿ ಏಳುತ್ತದೆ. ದಿನವೂ ಹೆಚ್ಚಾಗಿ ಕುಡಿಯುವವರು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವುಂಟು. ಹಟ ಹಿಡಿದು ಬಾಟಲಿ ಒಡೆದು ಹಾಕುವ ತಾಯಂದಿರು ಇದನ್ನು ನೆನಪಿಡಬೇಕು.

ಸಿಪಾಯಿಗೆ ಮೂವತ್ತೈದು, ನಲವತ್ತಕ್ಕೇ ನಿವೃತ್ತಿ. ಮಕ್ಕಳಿನ್ನೂ ಶಾಲೆಯಲ್ಲಿ. ಆಜ್ಞೆ ಕೊಡುವವರೂ ಇಲ್ಲ, ಜೊತೆಗಾರರೂ ಇಲ್ಲ. ಬ್ಯಾಂಕಿನ ಬಾಗಿಲಲ್ಲಿ ಕಾವಲು. 2022ರಲ್ಲಿ ಸಾರಿದ ಅಗ್ನಿಪಥದಲ್ಲಿ ಬಹುಪಾಲು ಹುಡುಗರಿಗೆ ನಾಲ್ಕೇ ವರ್ಷದ ಸೇವೆ, ಪಿಂಚಣಿಯಿಲ್ಲ ಎಂದು ಗೊತ್ತುಮಾಡಿದರು. ಇಂಥವಕ್ಕೆ ಹೋರಾಟವೇ ಬೇಕು. ಆದರೆ ಬಾಕಿ ಹಣ ಕೈಗೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವ ನಮ್ಮ ಸಂಗಾತಿಗಳ ಮಾತನ್ನು ನಾನು ಒಪ್ಪಲಾರೆ. ಹಣ ಬಂದ ರಾತ್ರಿಯೂ ನಿದ್ದೆ ಬಾರದವನಿಗೆ ಮದ್ದೂ ಬೇಕು.

ಮದ್ದು ಇದೆ. ಚಿಂತೆಯ ಜಾಡು ಹಿಡಿದು ಅದನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆಯಿದೆ, ಮಾತ್ರೆಗಳಿವೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೇ ಬಿಡಬಾರದು. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನಿದ್ದೆಗುಳಿಗೆ ಬೇರೆ. ಅದು ಚಟ ಹಿಡಿಸುತ್ತದೆ.

ಕೇಳುವ ರೀತಿಯೂ ಇದೆ. "ಏನು, ಹೆದರಿದ್ದೀರಾ?" ಎಂದರೆ ಸೈನಿಕ ಬಾಯಿ ಬಿಡುವುದಿಲ್ಲ. "ರೀ, ನಿಮಗೆ ನಿದ್ದೆ ಹತ್ತುತ್ತಿಲ್ಲ, ನಾನು ನೋಡುತ್ತಿದ್ದೇನೆ. ತಲೆಯಲ್ಲಿ ಏನು ಓಡುತ್ತಿದೆ?" ಎನ್ನಿ. ಬದುಕು ಸಾಕೆಂಬ ಮಾತು ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದೆ ಎಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಲೈಸೆನ್ಸಿನ ಕೋವಿಯಿದ್ದರೆ ಅಂದೇ ಠಾಣೆಗೆ ತಿಳಿಸಿ, ಅವರ ಕೈಗೆ ಸಿಗದಂತೆ ಮಾಡಿ.

ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಿಂದ ನಡೆಯುತ್ತಿದೆ. ಕಾರ್ಡ್ ಇದ್ದವರು ಅದರ ಪಾಲಿಕ್ಲಿನಿಕ್ಕಿಗೆ ಹೋಗಿ ಮನೋವೈದ್ಯರಿಗೆ ಕಳಿಸಿರೆಂದು ಕೇಳಬಹುದು. ಕಾರ್ಡಿಲ್ಲದವರಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗವಿದೆ. ಟೆಲಿ ಮಾನಸ್‌ನ ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಿದ್ದೇನೆ. ಹೊರಡುವ ಮೊದಲು ಎಲ್ಲರೂ ಬರೆದುಕೊಳ್ಳಿ. ಕನ್ನಡಕ ಮರೆತು ಬಂದ ಹಿರಿಯರಿಗೆ ಹುಡುಗರು ಬರೆದುಕೊಡುತ್ತಾರೆ.