ಮದ್ದಿಗೆ ಮುನ್ನ ಪರೀಕ್ಷೆ



ಮಕ್ಕಳಾಗದ ಮನೆಯಲ್ಲಿ ಸೊಸೆಯೊಬ್ಬಳನ್ನೇ ದೂರುವುದನ್ನು ನಾವು ಕಂಡಿದ್ದೇವೆ. ಕಾರಣವು ಗಂಡನಲ್ಲಿಯೂ ಇರಬಹುದಾದುದರಿಂದ ಇಬ್ಬರಿಗೂ ಪರೀಕ್ಷೆಯಾಗತಕ್ಕದ್ದು.

ಸ್ತ್ರೀಯರಲ್ಲಿ ಸಾಮಾನ್ಯವಾದೊಂದು ಕಾರಣವನ್ನು 1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ವಿವರಿಸಿದರು. ಪಿಸಿಒಎಸ್ ಎಂದು ಹೆಸರಾದ ಈ ವ್ಯಾಧಿಯಲ್ಲಿ ಹಾರ್ಮೋನುಗಳ ಸಮತೋಲ ಕೆಟ್ಟು, ಅಂಡವು ಕ್ರಮವಾಗಿ ಬಿಡುಗಡೆಯಾಗದು.

ನಿಸರ್ಗ ಚಿಕಿತ್ಸೆಯನ್ನು ಅರಸುವವರಿಗೆ ನಮ್ಮ ಬಿನ್ನಹವಿಷ್ಟೆ: ಹಿತಮಿತವಾದ ಆಹಾರವೂ ದಿನದಿನದ ನಡಿಗೆಯೂ ಇಲ್ಲಿ ನಿಜವಾದ ಮದ್ದುಗಳೇ. ಸ್ಥೂಲಕಾಯರು ತೂಕವನ್ನು ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಋತುಕ್ರಮವು ಸರಿಹೋಗುವುದುಂಟು. ಆದರೆ ಥೈರಾಯ್ಡ್ ಗ್ರಂಥಿಯ ಸ್ರಾವ ಕುಂದಿದ್ದರೆ ನಡಿಗೆಯೊಂದೇ ಸಾಲದು. ವೈದ್ಯರು ಕೊಡುವ ಗುಳಿಗೆಯೇ ಬೇಕು. ಪರೀಕ್ಷೆಯಿಲ್ಲದೆ ಬೇರು, ಚೂರ್ಣಗಳನ್ನು ನಂಬಿ ವರ್ಷಗಳನ್ನು ಕಳೆಯಬಾರದು. ವಯಸ್ಸಾದಂತೆ ಗರ್ಭಧಾರಣೆಯ ಸಾಧ್ಯತೆಯೂ ಕಡಮೆಯಾಗುತ್ತದೆ.

ಮಕ್ಕಳಿಲ್ಲದಿದ್ದರೆ ಯಾವ ಹೆಣ್ಣಿನ ಮಾನವೂ ಕುಂದದು. ವಿದ್ಯಾರ್ಥಿಗಳು ಇದನ್ನು ಈಗಲೇ ಅರಿತಿರಲೆಂದು ನಮ್ಮ ಹಾರೈಕೆ.