ಕೆಲಸ ನಿಂತ ಮನೆಯ ಹೊಣೆ ಯಾರದು?



ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ದುಡಿಮೆ ಬಹುಪಾಲು ಹೊಗೆಸೊಪ್ಪಿನ ಹಂಗಾಮನ್ನು ಅವಲಂಬಿಸಿದೆ. ಮುಂಗಾರಿನಲ್ಲಿ ನಾಟಿ, ಬಳಿಕ ಸೊಪ್ಪು ಮುರಿಯುವುದು, ಬ್ಯಾರನ್‌ನಲ್ಲಿ ಹದಗೊಳಿಸುವುದು, ಹರಾಜಿಗೆ ಮುನ್ನ ವಿಂಗಡಿಸುವುದು. ಹರಾಜು ಮುಗಿಯಿತೆಂದರೆ ಆ ಕೈಗಳು ಖಾಲಿ. ಹಳ್ಳಿಯಲ್ಲಿ ಹಣ ಓಡಾಡದಿದ್ದರೆ ಪೇಟೆಯ ಗ್ಯಾರೇಜಿಗೂ ಟೈಲರ್ ಅಂಗಡಿಗೂ ಗಿರಾಕಿ ಇರುವುದಿಲ್ಲ. ಆದರೆ ಮನೆ ಬಾಡಿಗೆಗೆ ಹಂಗಾಮಿನ ಲೆಕ್ಕವಿಲ್ಲ, ಅದು ಪ್ರತಿ ತಿಂಗಳೂ ಬರುತ್ತದೆ.

ಕೆಲಸವಿಲ್ಲದವನಿಗೆ ಸರ್ಕಾರ ನೆರವಾಗಬೇಕೆಂಬ ತತ್ವವನ್ನು ನಮ್ಮ ದೇಶ ಒಪ್ಪಿಲ್ಲವೆಂದೇನೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿದ ರಾಜ್ಯದ ಯುವನಿಧಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವುದಾಗಿ ಘೋಷಿಸಿತು. ಇದು ಸ್ವಾಗತಾರ್ಹ. ಆದರೆ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ತಂಗಿಯರ ಶಾಲೆಯ ಖರ್ಚು ಹೊತ್ತ ಹುಡುಗ ಕೆಲಸ ಕಳೆದುಕೊಂಡರೆ ಅವನು ನಿರುದ್ಯೋಗಿಯಲ್ಲವೇ?

ಇನ್ನೊಂದು, ಇಎಸ್‌ಐ ನಿಗಮವು 2018ರ ಜುಲೈಯಲ್ಲಿ ಆರಂಭಿಸಿದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಮೊದಲು ಸರಾಸರಿ ದಿನಗೂಲಿಯ ಶೇ. 25ರಷ್ಟಿದ್ದ ಪರಿಹಾರವನ್ನು 2020ರಲ್ಲಿ ಶೇ. 50ಕ್ಕೆ ಏರಿಸಲಾಯಿತು, ಅದೂ 90 ದಿನಗಳ ಮಟ್ಟಿಗೆ, ಜೀವಮಾನದಲ್ಲಿ ಒಮ್ಮೆ ಮಾತ್ರ. ದಿನಕ್ಕೆ ಸರಾಸರಿ 400 ರೂಪಾಯಿ ಗಳಿಸುತ್ತಿದ್ದವನಿಗೆ ಒಟ್ಟು 18,000 ರೂಪಾಯಿ. ಮಾಲೀಕನ ಮೂಲಕ ಹೋಗಬೇಕಿಲ್ಲ, ಕಾರ್ಮಿಕನೇ ನೇರವಾಗಿ ಅರ್ಜಿ ಹಾಕಬಹುದೆಂದು ಆಗ ನಿಯಮ ಸಡಿಲಿಸಲಾಯಿತು. ಮೈಸೂರಿನ ಕಾರ್ಖಾನೆಗಳಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನಮ್ಮ ಎಷ್ಟು ಮಂದಿಗೆ ಇದು ತಿಳಿದಿತ್ತು? ಈ ಯೋಜನೆಯೂ ಶಾಶ್ವತ ಹಕ್ಕಾಗಿ ಬಂದುದಲ್ಲ. ಅವಧಿ ಮುಗಿದಾಗಲೆಲ್ಲ ಹೊಸ ಆದೇಶದಿಂದ ಮುಂದುವರಿಸುತ್ತಾ ಬರಲಾಯಿತು.

ಸೊಪ್ಪು ವಿಂಗಡಿಸುವ ಹೆಂಗಸು, ಮರದ ಮಿಲ್ಲಿನ ಹಮಾಲಿ, ಬೀಡಿ ಕಟ್ಟುವ ವಿಧವೆ ಈ ಎರಡೂ ಯೋಜನೆಗಳ ಆಚೆಗೇ ಉಳಿಯುತ್ತಾರೆ. ಇ-ಶ್ರಮ್ ಕಾರ್ಡ್ ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಕಾರ್ಡ್ ಇದ್ದ ಮಾತ್ರಕ್ಕೆ ನಿರುದ್ಯೋಗ ಭತ್ಯೆ ಬರುವುದಿಲ್ಲ, ವಸ್ತುತಃ ಅದೊಂದು ನೋಂದಣಿ.

ಹಣ ತಲುಪಿಸುವ ದಾರಿಯೇ ಇಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ಕೊರೋನಾ ಕಾಲದಲ್ಲಿ, 2020ರಲ್ಲಿ ರಾಜ್ಯ ಸರ್ಕಾರ ಆಟೋ ಚಾಲಕರಿಗೆ 5,000 ರೂಪಾಯಿ ಘೋಷಿಸಿತು. 2021ರಲ್ಲಿ ಟೈಲರ್, ಮೆಕ್ಯಾನಿಕ್, ಹಮಾಲಿ, ಮನೆಗೆಲಸದವರಿಗೂ 2,000 ರೂಪಾಯಿ ಘೋಷಿಸಿತು. ಅರ್ಥಾತ್, ಇವರು ಯಾರೆಂದು ಸರ್ಕಾರಕ್ಕೆ ಗೊತ್ತಿದೆ. ಆದರೆ ಎರಡು ಸಾವಿರಕ್ಕೆ ಒಂದು ಮನೆ ಎಷ್ಟು ದಿನ ನಡೆದೀತು? ಮಹಾಮಾರಿಯ ವರ್ಷ ಒಮ್ಮೆ ಕೊಟ್ಟುದನ್ನು ಕೆಲಸವಿಲ್ಲದ ತಿಂಗಳುಗಳಿಗೆ ನಿಯಮಿತ ಭತ್ಯೆಯಾಗಿ ವಿಸ್ತರಿಸಬೇಕೆಂಬುದೇ ನಮ್ಮ ಬೇಡಿಕೆ. ಇಡೀ ಸಂಸಾರವನ್ನು ಲೆಕ್ಕಕ್ಕೆ ಹಿಡಿಯಬೇಕು, ಪದವಿಯನ್ನಲ್ಲ.

ಝಕಾತ್ ಇದೆಯಲ್ಲ ಎನ್ನುವವರೂ ಇದ್ದಾರೆ. ಝಕಾತ್ ನಮ್ಮ ಮೇಲಿರುವ ಕಡ್ಡಾಯ ಕರ್ತವ್ಯ. ಅದನ್ನು ಮುಂದೆ ಮಾಡಿ ಸರ್ಕಾರದ ಹೊಣೆಯನ್ನು ಮನ್ನಾ ಮಾಡುವ ಅಧಿಕಾರ ನಮಗಿಲ್ಲ.

ಈ ಸಭೆಯಲ್ಲಿ ಓದು ಬಲ್ಲ ಯುವಕರಿದ್ದೀರಿ. ನಿಮ್ಮ ಮೊಹಲ್ಲಾದಲ್ಲಿ ಯಾರಿಗೆ ಇಎಸ್‌ಐ ಇದೆ, ಯಾರ ಕೂಲಿ ಯಾವ ತಿಂಗಳು ನಿಲ್ಲುತ್ತದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಹಿಡಿದು ಕಾರ್ಮಿಕ ಇಲಾಖೆಗೂ ಶಾಸಕರ ಬಳಿಗೂ ಹೋಗೋಣ. ರೈತ ಸಂಘದವರನ್ನೂ ದಲಿತ ಸಂಘಟನೆಗಳನ್ನೂ ಜೊತೆಗೆ ಕರೆಯೋಣ, ಕೂಲಿ ನಿಂತ ಮನೆಗಳು ಅವರ ಕೇರಿಗಳಲ್ಲೂ ಇವೆ.